ಅದು ಡ್ಯುಯೆಟ್ ಅಲ್ಲ ಸ್ವಾಮಿ

ನಿನ್ನೆ ಒಂದು ರಿಸೆಪ್ಷನ್‌ಗೆ ಹೋಗಿದ್ವಿ. ಊಟದ ಕ್ಯೂ ಉದ್ದ ಇತ್ತು ಅಂತ ಆರ್ಕೆಸ್ಟ್ರಾ ಮುಂದೆ ಕೂತ್ವಿ. ಗಾಯಕ ಮಹಾಶಯ ಮೈಕ್ ಹಿಡಿದು "ನಮ್ಮ ನವಜೋಡಿಗೋಸ್ಕರ ಒಂದು ರೊಮ್ಯಾಂಟಿಕ್ ಗೀತೆ" ಅಂದ. ಹಾಡಿದ್ದು ಯಾವುದು ಗೊತ್ತಾ? ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ"! ಫೋಟೋಗ್ರಾಫರ್ ಬೇರೆ "ಮೇಡಂ, ಹಾಂ, ಹಂಗೇ ಸರ್‌ನ ನೋಡಿ, ಸ್ಮೈಲ್" ಅಂತಿದ್ದ. ಜನ ಚಪ್ಪಾಳೆ ಹೊಡೆದ್ರು, ವಿಷಲ್ಲೂ ಬಿತ್ತು.

ರೀ, ಅದು ಮಗು ಕಳ್ಕೊಂಡ ಅಪ್ಪ ಬರೆದಿದ್ದು ಕಣ್ರೀ. ಒಂದಲ್ಲ, ಹಲವು ಮಕ್ಕಳನ್ನ ಮಣ್ಣಿಗಿಟ್ಟ ದಂಪತಿ ಅವರು. ಎದುರಿಗೆ ಹೆಂಡತಿ ಕೂತು ನೋಡ್ತಿದ್ದಾಳೆ, ಇವನಿಗೆ ತಿರುಗಿ ನೋಡೋ ಧೈರ್ಯ ಇಲ್ಲ. ಮುಂದೆ ಹುಣ್ಣಿಮೆ ಚಂದ್ರನ ಹೆಣ ಹಗಲಲ್ಲಿ ಮುಗಿಲಲ್ಲಿ ತೇಲಿಬಂತು ಅಂತ ಬರುತ್ತೆ. ಹೆಣ! ರಿಸೆಪ್ಷನ್ನಲ್ಲಿ! ಯಾರಿಗೂ ಕೇಳಿಸ್ಲಿಲ್ಲ, ಯಾಕಂದ್ರೆ ಟ್ಯೂನ್ ಚೆನ್ನಾಗಿದೆಯಲ್ಲ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ, ಪಾಪ ಅವನಿಗೆ ಪೇಮೆಂಟ್ ಸಿಕ್ಕಿದ್ರೆ ಸಾಕು. ಕನ್ನಡದ ಕವಿಗಳು ಹೆಂಡತಿ ಬಗ್ಗೆ ಬರೆದಿದ್ದನ್ನೆಲ್ಲ ನಾವು ಲವರ್ಸ್ ಸಾಂಗ್ ಮಾಡ್ಕೊಂಡಿದ್ದೀವಲ್ಲ, ಅದರ ಮೇಲೆ. ಲವರ್ ಹಾಡೋದು ಬೇರೆ ಸ್ವಾಮಿ, ಅವನಿಗೆ ಹುಡುಗಿ ಕಣ್ಣು ಮೂಗು ಹೊಗಳಿದ್ರೆ ಮುಗೀತು. ಗಂಡ ಹೊಗಳಿಕೊಂಡು ಕೂರಲ್ಲ, ಅವನಿಗೆ ಗೊತ್ತಿರೋದು ಅವಳು ತುಟಿ ಕಚ್ಚಿ ಅಳು ತಡ್ಕೊಂಡಿದ್ದಾಳೆ ಅನ್ನೋದು. ಅದನ್ನೇ ಬರೀತಾನೆ.

ಕವಿ ಕೆ.ಎಸ್. ನರಸಿಂಹಸ್ವಾಮಿ ಅವರದ್ದೂ ಇದೇ ಕಥೆ. ಅವರ ಕವನ ಸಂಕಲನ 'ಮೈಸೂರ ಮಲ್ಲಿಗೆ' ಬಂದಿದ್ದು 1942ರಲ್ಲಿ, ಇವತ್ತಿಗೂ ಜನ ಅದನ್ನ ಹದಿಹರೆಯದ ಪ್ರೇಮ ಅಂತಾರೆ. "ರಾಯರು ಬಂದರು ಮಾವನ ಮನೆಗೆ" ಒಂದ್ಸಲ ಹಾಡದೆ ಸುಮ್ನೆ ಓದಿ. ಕಾಲಿಗೆ ಬಿಸಿನೀರಿನ ತಂಬಿಗೆ ಬಂತು, ಬೆಳ್ಳಿ ಬಟ್ಟಲಲ್ಲಿ ಗಸಗಸೆ ಪಾಯಸ ಬಂತು, ಭಾವ ಓದೋಕೆ ಏನೋ ತಂದುಕೊಟ್ಟ. ಹೆಂಡತಿ ಪದುಮಳ ಬಳೆ ಸದ್ದು ಮಾತ್ರ ಇಲ್ಲ. ಅವಳ ರೂಪದ ಬಗ್ಗೆ ಒಂದಕ್ಷರ ಇಲ್ಲ ಅದರಲ್ಲಿ, ಆದ್ರೂ ಮನೆ ತುಂಬ ಅವಳೇ. ಅವಳು ಯಾಕೆ ಒಳಗಿಲ್ಲ ಅಂತ ಕವಿ ಬಾಯಿಬಿಟ್ಟು ಹೇಳಲ್ಲ, ಮುಟ್ಟಾದ ಹೆಂಗಸರನ್ನ ಹೊರಗೆ ಕೂರಿಸ್ತಿದ್ದ ಆ ಕಾಲದ ಮನೆಗಳನ್ನ ಕಂಡವರಿಗೆ ಹೇಳಬೇಕಾಗೂ ಇಲ್ಲ. ಬೆಳಿಗ್ಗೆ ರಾಯರು ಮುನಿಸಿಕೊಂಡು ಹೊರಟು ನಿಂತಾಗ ನಾದಿನಿ ರಾಗ ಎಳೀತಾಳೆ ನೋಡಿ, ಆಹಾ!

ಒಬ್ಬ ಫ್ರೆಂಡ್‌ಗೆ ಇದನ್ನೆಲ್ಲ ಹೇಳಿದ್ರೆ "ಕವಿಗಳು ಹಾಳೆ ಮೇಲೆ ಪ್ರೀತಿ ಮಾಡ್ತಾರೆ, ಒಲೆ ಮುಂದೆ ಬೆಂದವರು ಆ ಹೆಂಗಸರು" ಅಂದ. ಸರಿ ಗುರು, ಇರಬಹುದು. ಆದ್ರೆ ಹಾಳೆ ಮೇಲೂ ಮಾಡದವರು ಎಷ್ಟು ಜನ ಇದ್ದೀವಿ? ವರ್ಷಕ್ಕೊಂದ್ಸಲ ಆ್ಯನಿವರ್ಸರಿಗೆ "ಮೈ ಬೆಟರ್ ಹಾಫ್" ಅಂತ ಫಾರ್ವರ್ಡ್ ಹಾಕಿ, ಅವಳನ್ನೇ ಟ್ಯಾಗ್ ಮಾಡೋದು ಮರೆಯೋ ನೀನು ಇದನ್ನ ಹೇಳ್ತೀಯಾ.

ಇನ್ನೊಂದು ಹೇಳ್ಬಿಡ್ತೀನಿ. ನಮ್ಮನೇಲಿ ಆ ವರ್ಷ ಏನಾಯ್ತು ಅಂತ ಇಲ್ಲಿರೋ ಹಳಬರಿಗೆ ಗೊತ್ತು. ಆಸ್ಪತ್ರೆ ಕಾರಿಡಾರಲ್ಲಿ ಇವಳು ನನ್ನ ಮುಖ ನೋಡ್ತಾ ಕೂತಿದ್ಲು, ನಾನು ಗೋಡೆ ಮೇಲಿದ್ದ ಲಸಿಕೆ ಚಾರ್ಟ್ ಓದ್ತಾ ನಿಂತಿದ್ದೆ, ಪೂರ್ತಿ ಓದಿದೆ, ಮತ್ತೆ ಮೊದಲಿಂದ ಓದಿದೆ. ಅದಾದ್ಮೇಲೆ ಆ ಹಾಡು ಬಂದ್ರೆ ರೇಡಿಯೋ ಆಫ್ ಮಾಡ್ತೀನಿ. ನಿನ್ನೆ ಆಫ್ ಮಾಡೋಕೆ ಬಟನ್ ಇರ್ಲಿಲ್ಲ, ಇವಳೇ "ಏಳಿ, ಕ್ಯೂ ಕಮ್ಮಿ ಆಯ್ತು" ಅಂತ ಎಬ್ಬಿಸಿದ್ಲು.

ಮದುವೆಗೆ ಬೇಂದ್ರೆನೇ ಬೇಕು ಅಂದ್ರೆ "ನಾನು ಬಡವಿ ಆತ ಬಡವ" ಹಾಡಿಸ್ರಪ್ಪ. ಅದು ಹೆಂಡತಿ ಬಾಯಲ್ಲೇ ಬರೋ ಮಾತು, ಒಡವೆ ಇಲ್ಲದವಳಿಗೆ ಅವನ ತೋಳೇ ತೋಳಬಂದಿ. ಆದ್ರೆ ಅಷ್ಟು ಚಿನ್ನ ಹೇರಿಕೊಂಡು ನಿಂತಿರೋ ಸ್ಟೇಜ್ ಮುಂದೆ ಅದು ಹೊಂದಲ್ವೇನೋ.

ಕಾಮೆಂಟಲ್ಲಿ "ಟ್ಯೂನ್ ಸೂಪರ್ ಸಾರ್" ಅನ್ನೋರು ಮೊದ್ಲು "ನೀ ಹೀಂಗ ನೋಡಬ್ಯಾಡ ನನ್ನ" ಪೂರ್ತಿ ಪದ್ಯ ಓದ್ಕೊಂಡು ಬನ್ನಿ. ಸುಳ್ಳು ನಗು ಬೇಡ, ಅತ್ತುಬಿಡು ಅಂತ ಹೆಂಡತಿಗೆ ಹೇಳ್ತಾನಲ್ಲ, ಅಲ್ಲೀವರೆಗೂ ಓದಿ, ಆಮೇಲೆ ಜಗಳ ಆಡೋಣ.