ಎಣ್ಣೆ ಹೊಡೆದ ಅಂಗಿ ಮತ್ತು ಅಂಗನವಾಡಿ ಸಭೆ

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು, ಮುಗಿಯಿತು ಅಂದರೆ ದ್ರಾಕ್ಷಿಗೆ ಎಣ್ಣೆ (ಬೆಳೆಗೆ ಸಿಂಪಡಿಸುವ ಔಷಧಿಗೆ ನಾವು ಅನ್ನೋದು ಹೀಗೆ) ಹೊಡೆಯೋದು ಶುರು. ಮೋಡ ಕವಿದರೂ ಸಾಕು, ಡೌನಿ ರೋಗ ಬರುತ್ತೆ ಅಂತ ಹೆದರಿಕೆ. ಸಾಲ ಮಾಡಿ ಬೆಳೆದವರು ಹೊಡೆಯದೆ ಏನು ಮಾಡಬೇಕು? ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಹೊಡೆದು ಮನೆಗೆ ಬಂದ ಮೇಲಿನ ಹೊತ್ತಿನ ಬಗ್ಗೆ.

ಗಾಡಿ ಸದ್ದು ಕೇಳಿದ ಕೂಡಲೇ ಕೂಸು ಓಡಿ ಬರುತ್ತದೆ. ಅಪ್ಪ ಅದೇ ಅಂಗಿಯಲ್ಲಿ ಎತ್ತಿಕೊಳ್ಳುತ್ತಾನೆ. ಅದು ಕಾಲರ್ ಜಗ್ಗಿ ಬಾಯಿಗೆ ಹಾಕಿಕೊಳ್ಳುತ್ತದೆ. ಆಮೇಲೆ ಆ ಅಂಗಿ ಕೂಸಿನ ಬಟ್ಟೆ ಇರುವ ಬಕೆಟ್‌ನಲ್ಲೇ ನೆನೆಯುತ್ತದೆ. ಉಳಿದ ಡಬ್ಬಿ ಅಡುಗೆ ಮನೆಯ ಮಾಡದಲ್ಲಿ, ಖಾಲಿ ಡಬ್ಬಿ ಬಚ್ಚಲಲ್ಲಿ ನೀರು ತುಂಬೋಕೆ. ಕೇಳಿದರೆ, "ತೊಳದೀವಿ ಬಿಡ್ರಿ. ಇಷ್ಟ್ ವರ್ಷ ಹೊಡದೀವಿ, ನಮಗೇನಾಗೈತಿ?"

ನಿಮಗೆ ಆಗಿಲ್ಲದೆ ಇರಬಹುದು. ಆದರೆ ನೀವು ಅರವತ್ತು ಕಿಲೋ, ಕೂಸು ಹತ್ತು ಕಿಲೋ. ಮೈಗೆ ಹೋದದ್ದು ಅಷ್ಟೇ ಆದರೂ ಅದಕ್ಕೆ ಆರು ಪಟ್ಟು ಜಾಸ್ತಿ ಬಿದ್ದ ಹಾಗೆ. ಉಸಿರಾಡೋದು ನಮಗಿಂತ ಬೇಗ ಬೇಗ. ಹರಿದಾಡೋದು ನೆಲದ ಮೇಲೆ, ಕೈ ಸದಾ ಬಾಯಲ್ಲಿ. ಮೆದುಳು ಇನ್ನೂ ಬೆಳೆಯುತ್ತಿರುತ್ತದೆ.

ಇದನ್ನೆಲ್ಲ ಹೇಳೋದಿಲ್ಲ ಅಂತಲ್ಲ. ಎಲ್ಲೋ ಒಮ್ಮೊಮ್ಮೆ ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಹೇಳುತ್ತಾರೆ. ಆದರೆ ಅಲ್ಲಿ ಕೂತಿರೋದು ಯಾರು? ಕೂಸಿನ ತಾಯಿ. ಎಣ್ಣೆ ತರುವವಳು ಆಕೆಯಲ್ಲ. ಎಲ್ಲಿಡಬೇಕು ಅಂತ ಹೇಳುವ ಧೈರ್ಯವೂ ಎಷ್ಟೋ ಸೊಸೆಯರಿಗೆ ಇರೋದಿಲ್ಲ. ಕೇಳಬೇಕಾದ ಅಪ್ಪ ತೋಟದಲ್ಲಿ, ಅಜ್ಜ ಕಟ್ಟೆ ಮೇಲೆ. ಕೂಸಿಗೆ ಏನಾದರೂ ಆದರೆ ಬೈಗುಳ ಮಾತ್ರ ಆಕೆಗೆ!

ಬೋರ್ ನೀರಿನ ಕಥೆಯೂ ಇದೇ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ. ಹಲ್ಲು ಮೂಡುವ ವಯಸ್ಸಲ್ಲಿ ಜಾಸ್ತಿ ಹೋದರೆ ಹಲ್ಲಿನ ಮೇಲೆ ಬೀಳುವ ಕಂದು ಕಲೆ ತಿಕ್ಕಿದರೂ ಹೋಗೋದಿಲ್ಲ. ಕಾಯಿಸಿದರೆ ಸರಿಹೋಗುತ್ತೆ ಅನ್ನೋದು ತಪ್ಪು. ನೀರು ಆವಿಯಾಗುತ್ತೆ, ಫ್ಲೋರೈಡ್ ಉಳಿಯುತ್ತೆ. ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನ್ ತಂದು ಬೇಳೆ ಬೇಯಿಸೋಕೆ ಬೋರ್ ನೀರು ಹಾಕಿದರೆ ಅರ್ಧ ಕೆಲಸ ಆದಂತೆ ಅಷ್ಟೇ.

ನನ್ನ ಪ್ರಕಾರ ಪಾಠ ಆಗಬೇಕಾದ್ದು ಎಣ್ಣೆ ಮಾರುವ ಅಂಗಡಿ ಕಟ್ಟೆಯಲ್ಲಿ. ಡಬ್ಬಿ ಮೇಲೆ ಒಂದು ಚೌಕ ಇರುತ್ತೆ, ವಜ್ರದ ಆಕಾರದ್ದು. ಅದರ ಕೆಳಭಾಗದ ಬಣ್ಣ ನೋಡಿದ್ದೀರಾ? ಕೆಂಪು ಇದ್ದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯುವ ಗುರುತು ಇದು. ದರ ಕೇಳುವಾಗ ಇದನ್ನೂ ತೋರಿಸಿ ಕೊಟ್ಟರೆ ಅಂಗಡಿಯವರದ್ದೇನು ಗಂಟು ಹೋಗುತ್ತೆ?

ಇನ್ನೊಂದು. ಕೂಸು ಅಕಸ್ಮಾತ್ ಎಣ್ಣೆ ಕುಡಿದರೆ ಉಪ್ಪು ನೀರು ಹಾಕಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ಯಾವ ವಿಷ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಈ ಸಲ ಚಾಟ್ನಿಗೆ ಮೊದಲು ನಮ್ಮೂರ ಗುಡಿ ಕಟ್ಟೆ ಮೇಲೆ, ಗಂಡಸರು ಸಿಗುವ ರಾತ್ರಿ ಹೊತ್ತಿಗೆ ಒಂದು ಸಭೆ ಇಡೋಣ ಅಂತಿದ್ದೇವೆ. ಆಶಾ ಅಕ್ಕ ಮಾತಾಡೋಕೆ ಒಪ್ಪಿದ್ದಾರೆ. ರೈತ ಸಂಪರ್ಕ ಕೇಂದ್ರದವರನ್ನು ಇನ್ನೂ ಕೇಳಬೇಕು. ಸುತ್ತಲಿನ ಊರಿನವರೂ ಬನ್ನಿ, ಅಜ್ಜಂದಿರನ್ನು ಬಿಟ್ಟು ಬರಬೇಡಿ.