ಹಾವಿಗೆ ಪೇಪರ್ ಇದ್ದರೆ ಸಾಕಾ?

ಮಂಗಳೂರು, ಉಡುಪಿಯಲ್ಲೂ ಈಗೀಗ ಗಾಜಿನ ಪೆಟ್ಟಿಗೆಯಲ್ಲಿ ಬಾಲ್ ಪೈಥಾನ್ ಅನ್ನುವ ವಿದೇಶಿ ಹೆಬ್ಬಾವು, ಇಗುವಾನಾ ಅನ್ನುವ ದೊಡ್ಡ ವಿದೇಶಿ ಓತಿ ಸಾಕುವ ಹುಡುಗರು ಸಿಗುತ್ತಾರೆ. ಎಲ್ಲಿಂದ ತಂದಿರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಪೇಪರ್ ಇದೆ, ಎಲ್ಲ ಲೀಗಲ್." ಇವರು ಕೆಟ್ಟವರಲ್ಲ. ಹಾವು ಕಂಡ ಕೂಡಲೇ ಕೋಲು ಹುಡುಕುವವರಿಗಿಂತ ಇವರಿಗೆ ಹಾವಿನ ಮೇಲೆ ಪ್ರೀತಿ ಜಾಸ್ತಿಯೇ. ಆದರೂ ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಕಾಡಿನ ಹಾವು, ಹಲ್ಲಿ, ಆಮೆಗಳನ್ನು ಹಿಡಿದು ಸಾಕುವ ಶೋಕಿಗೆ ಬೇರೆ ದೇಶಕ್ಕೆ ಕಳಿಸುವುದು ತಪ್ಪು. ಪೇಪರ್ ಇದ್ದರೂ ತಪ್ಪೇ.

ಆ ಪೇಪರ್ ಎಂಥದ್ದು ನೋಡಿ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಅವಕಾಶ ಕೊಟ್ಟಿತು. ನಿಮ್ಮಲ್ಲಿರುವ ವಿದೇಶಿ ಪ್ರಾಣಿಗಳನ್ನು ಆರು ತಿಂಗಳೊಳಗೆ ಘೋಷಿಸಿಕೊಳ್ಳಿ, ದಾಖಲೆ ಕೇಳುವುದಿಲ್ಲ ಅಂತ. ಆಮೇಲೆ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, 2024ರಲ್ಲಿ ನೋಂದಣಿ ನಿಯಮಗಳು ಬಂದವು. ಒಳ್ಳೆಯದೇ ಆಯಿತು. ಆದರೆ ನೋಂದಣಿಯಿಂದ ಹಾವು ಈಗ ಯಾರ ಮನೆಯಲ್ಲಿದೆ ಅಂತ ಗೊತ್ತಾಗುತ್ತದೆ. ಅದರ ತಾಯಿಯನ್ನು ಯಾವ ಬಿಲದಿಂದ ಅಗೆದು ತೆಗೆದರು ಅಂತ ಗೊತ್ತಾಗುವುದಿಲ್ಲ.

ಅಗೆದು ತೆಗೆಯುವುದು ನಿಜವಾಗಿ ನಡೆಯುವ ಕೆಲಸ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್‌ನಲ್ಲಿ ಬಿಲ ಅಗೆದು ಮೊಟ್ಟೆ ತುಂಬಿದ ಹೆಣ್ಣನ್ನೋ, ಇಟ್ಟ ಮೊಟ್ಟೆಗಳನ್ನೋ ಫಾರ್ಮಿಗೆ ತರುತ್ತಾರೆ. ಅಲ್ಲಿ ಮರಿಯಾಗಿ ವಿಮಾನ ಹತ್ತುತ್ತದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಪತ್ರದಲ್ಲಿ ಇಂಥದ್ದಕ್ಕೆ 'ಆರ್' ಅಂತ ಕೋಡ್. ಕಾಡಿನಿಂದ ನೇರ ಹಿಡಿದದ್ದಾದರೆ 'ಡಬ್ಲ್ಯು'. ಸಾಕಿದ ಹಾವಿಗೆ ಸಾಕಿದಲ್ಲೇ ಹುಟ್ಟಿದ್ದಾದರೆ 'ಸಿ'. ಮಾರುವವರ ಬಾಯಲ್ಲಿ ಮೂರೂ 'ಫಾರ್ಮಿನದ್ದು'.

'ಸಿ' ಅಂತ ಬರೆದಿದ್ದರೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಇಂಡೋನೇಷ್ಯಾದಲ್ಲಿ ಮರದ ಮೇಲೆ ಇರುವ ಒಂದು ಹಸಿರು ಹೆಬ್ಬಾವಿದೆ. ಸಾಕಣೆಯದ್ದು ಅಂತ ರಫ್ತಾಗುತ್ತಿದ್ದ ಆ ಹಾವುಗಳಲ್ಲಿ ನೂರಕ್ಕೆ 80ರಷ್ಟು ಕಾಡಿನಿಂದ ಹಿಡಿದವು ಅಂತ 2011ರ ಒಂದು ಅಧ್ಯಯನ ತೋರಿಸಿಕೊಟ್ಟಿತು.

ದೂರದ್ದು ಬೇಡ, ನಮ್ಮ ಅಡಿಕೆ ತೋಟದ ಹಾರುವ ಓತಿಯನ್ನೇ ನೋಡಿ. ಮರಕ್ಕೆ ಅಂಟಿ ಕೂತರೆ ತೊಗಟೆಯೋ ಓತಿಯೋ ಗೊತ್ತಾಗುವುದಿಲ್ಲ. ಗಂಡು ಕತ್ತಿನ ಹಳದಿ ಚರ್ಮವನ್ನು ಪಟಪಟ ಬಿಚ್ಚಿ ಮುಚ್ಚಿದಾಗಲೇ ಕಣ್ಣಿಗೆ ಬೀಳುವುದು. ಪಕ್ಕೆಲುಬು ಅಗಲಿಸಿ, ಚರ್ಮದ ರೆಕ್ಕೆ ಹರಡಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತದೆ. ಕಾಂಡದ ಮೇಲೆ ಸಾಲು ಹೋಗುವ ಇರುವೆಗಳೇ ಅದರ ಮುಖ್ಯ ಊಟ. ಹೆಣ್ಣು ನೆಲಕ್ಕೆ ಇಳಿಯುವುದು ಮೊಟ್ಟೆ ಇಡುವುದಕ್ಕೆ. ಇದರ ದಾಯಾದಿಗಳನ್ನು ಇಂಡೋನೇಷ್ಯಾದಲ್ಲಿ ಹಿಡಿದು ಹೊರದೇಶಗಳಿಗೆ ಮಾರುತ್ತಾರೆ. ಪೆಟ್ಟಿಗೆಯೊಳಗೆ ತೇಲಲು ಮರ ಎಲ್ಲಿದೆ? ದಿನವಿಡೀ ಹೆಕ್ಕಲು ಇರುವೆ ಸಾಲು ಎಲ್ಲಿದೆ? ಹೆಚ್ಚಿನವು ಊಟ ಬಿಟ್ಟು ಬೇಗ ಸಾಯುತ್ತವೆ. ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ, ಮತ್ತೆ ಕಾಡಿನಿಂದಲೇ.

"ಹಿಡಿಯುವವನು ಬಡವ, ಅವನ ಹೊಟ್ಟೆಪಾಡು ಏನಾಗಬೇಕು?" ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಬಾರದು. ಪಪುವಾ ನ್ಯೂಗಿನಿಯಲ್ಲಿ ಹಳ್ಳಿಯವರು ಮೊಸಳೆ ಮೊಟ್ಟೆ ಆರಿಸಿ ಫಾರ್ಮಿಗೆ ಮಾರುತ್ತಾರೆ. ಕಾಡಿನಲ್ಲಿ ಬಿಟ್ಟರೂ ಆ ಮೊಟ್ಟೆಗಳಲ್ಲಿ ಹೆಚ್ಚಿನವು ದೊಡ್ಡ ಮೊಸಳೆ ಆಗುವಷ್ಟು ದಿನ ಉಳಿಯುವುದಿಲ್ಲ. ತಾಯಿ ಉಳಿದರೆ ಮುಂದಿನ ವರ್ಷವೂ ಮೊಟ್ಟೆ ಸಿಗುತ್ತದೆ, ಹಾಗಾಗಿ ಜೌಗು ಪ್ರದೇಶ ಉಳಿಸಿಕೊಳ್ಳುವುದರಲ್ಲಿ ಅವರಿಗೂ ಲಾಭ. ಅದನ್ನು ನಾನು ಒಪ್ಪುತ್ತೇನೆ. ಶೋಕಿಯ ವ್ಯಾಪಾರ ಹಾಗಲ್ಲ. ಇಲ್ಲಿ ಅಪರೂಪವಾದಷ್ಟೂ ರೇಟು ಜಾಸ್ತಿ. ಕೊನೆಯ ನಾಲ್ಕು ಉಳಿದಾಗ ಅವಕ್ಕೇ ಹೆಚ್ಚು ದುಡ್ಡು. ಇಂಡೋನೇಷ್ಯಾದ ರೋಟಿ ದ್ವೀಪದ ಉದ್ದ ಕತ್ತಿನ ಆಮೆಗೆ ವಿಜ್ಞಾನಿಗಳು ಹೆಸರಿಟ್ಟದ್ದು 1994ರಲ್ಲಿ. ಹೆಸರು ಬಂದದ್ದೇ ತಡ ಗಿರಾಕಿಗಳೂ ಬಂದರು. ಕೆಲವೇ ವರ್ಷಗಳಲ್ಲಿ ಅದು ಕಾಡಿನಲ್ಲಿ ಹೆಚ್ಚುಕಡಿಮೆ ಮುಗಿದೇಹೋಯಿತು. ಹಿಡಿದವನ ಬಡತನ ಹಾಗೇ ಉಳಿಯಿತು, ಆಮೆ ಮಾತ್ರ ಉಳಿಯಲಿಲ್ಲ.

ನನಗೆ ಈಗ ಭಯ ಇರುವುದು ಇಲ್ಲೇ. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಸರ್ಪವನ್ನು ಬೇರೆಯೇ ಪ್ರಭೇದ ಅಂತ ಗುರುತಿಸಿದರು. ವೈಜ್ಞಾನಿಕ ಹೆಸರಿನಲ್ಲೂ 'ಕಾಳಿಂಗ' ಇದೆ. ಖುಷಿಯ ವಿಷಯವೇ. ಆದರೆ ಅದರ ಹಿಂದಿನ ವರ್ಷ, 2023ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್ ಜೊತೆ 17 ಕಾಳಿಂಗಗಳು ಸಿಕ್ಕಿದ್ದವು. ಅದೇ ಲಗೇಜಿನಲ್ಲಿದ್ದ ಆರು ಕೋತಿಗಳು ಸತ್ತುಹೋಗಿದ್ದವು. ಅಂದರೆ ಕಾಳಿಂಗಕ್ಕೂ ಕೊಳ್ಳುವವರಿದ್ದಾರೆ.

ನಮ್ಮ ನಕ್ಷತ್ರ ಆಮೆಯ ಕಥೆ ಗೊತ್ತಲ್ವಾ? ಕಳ್ಳತನದಲ್ಲಿ ಎಷ್ಟೋ ದೇಶ ಸೇರಿದೆ. 2018ರಲ್ಲಿ ಸಿಂಗಾಪುರದಿಂದ 51 ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತಂದರು. ತಂದ ಕೂಡಲೇ ಕಾಡಿಗೆ ಬಿಡಲೂ ಆಗುವುದಿಲ್ಲ. ಅಲ್ಲಿಂದ ರೋಗ ತಂದಿರಬಹುದು, ಯಾವ ಊರಿನ ಕುರುಚಲಿನಿಂದ ಹೋದದ್ದೋ ಯಾರಿಗೆ ಗೊತ್ತು? 2019ರಲ್ಲಿ ಭಾರತವೂ ಸೇರಿ ಕೆಲವು ದೇಶಗಳು ಕೇಳಿಕೊಂಡ ಮೇಲೆ ಈ ಆಮೆಯನ್ನು ಸೈಟಿಸ್‌ನ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದರು.

ನಮ್ಮ ಆಮೆಯನ್ನು ಯಾರೂ ಕೊಂಡೊಯ್ಯಬಾರದು ಅಂತ ಜಗತ್ತಿನ ಮುಂದೆ ಕೇಳಿಕೊಂಡವರು ನಾವು. ಹಾಗಿದ್ದ ಮೇಲೆ ಬೆನಿನ್‌ನ ಹಾವು ನಮ್ಮ ಶೋಕೇಸಿಗೆ ಬರಲಿ ಅಂತ ಹೇಗೆ ಹೇಳುತ್ತೇವೆ? ನಾಗಬನದ ಒಂದು ಎಲೆ ಕೀಳಲೂ ಹೆದರುವ ಊರು ನಮ್ಮದು. ನಾಗನನ್ನು ಮನೆಗೆ ತಂದು ಸಾಕುವುದಿಲ್ಲ, ಅವನ ಜಾಗ ಅವನಿಗೆ ಬಿಡುತ್ತೇವೆ. ಟೋಗೊದ ಹಾವಿಗೂ ಒಂದು ಜಾಗ ಇದೆಯಲ್ಲ.

ಹಾವು ಹತ್ತಿರದಿಂದ ನೋಡುವ ಆಸೆ ಇರುವವರು ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಈಗಾಗಲೇ ಸಾಕಿರುವವರು ಅದನ್ನು ಚೆನ್ನಾಗಿ ನೋಡಿಕೊಳ್ಳಿ, ದಯವಿಟ್ಟು ಹೊರಗೆ ಬಿಡಬೇಡಿ, ಇನ್ನೊಂದು ಕೊಳ್ಳಬೇಡಿ. ಸರ್ಕಾರದಿಂದ ನಾನು ಕೇಳುವುದು ಇಷ್ಟೇ: 'ಡಬ್ಲ್ಯು', 'ಆರ್' ಕೋಡಿನ ಯಾವ ಸರೀಸೃಪವನ್ನೂ ಮನೆಯಲ್ಲಿ ಸಾಕುವುದಕ್ಕೆ ಅಂತ ಆಮದು ಮಾಡಲು ಬಿಡಬೇಡಿ. 'ಸಿ' ಅಂತ ತಂದರೆ ಅದರ ಅಪ್ಪ ಅಮ್ಮ ಎಲ್ಲಿ ಹುಟ್ಟಿದ್ದು ಅಂತ ತೋರಿಸುವ ಹೊಣೆ ತರಿಸುವವನದ್ದೇ ಆಗಲಿ.