ಶಾರ್ಕಿಗೆ 50 ನಿಮಿಷ, ಅಂಗಡಿಗೆ ಒಂದು ಗಂಟೆ

ಜಪಾನಿನ ಓಕಿನಾವಾ ದ್ವೀಪದಿಂದ ಬಂದು ವಾರ ಆಯಿತು, ಆ ಗುಂಪು ಪ್ರವಾಸದ ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿನ ಮುಖ್ಯ ಪಟ್ಟಣ ನಾಹಾದಿಂದ ಬೆಳಿಗ್ಗೆ ಬಸ್ಸು. ಚುರೌಮಿ ಅಕ್ವೇರಿಯಂ ಇರುವುದು ದ್ವೀಪದ ಉತ್ತರಕ್ಕೆ, ಮೊಟೊಬುವಿನಲ್ಲಿ, ಸುಮಾರು ಎರಡು ಗಂಟೆ ದಾರಿ. ನಾಲ್ಕು ಜನರ ತಿಂಡಿ ಮುಗಿದಿರಲಿಲ್ಲ ಅಂತ ಹೊರಡುವುದೇ ಅರ್ಧ ಗಂಟೆ ತಡ. ಆಮೇಲೆ ಮಂಜಮೊ. ಆನೆ ಸೊಂಡಿಲಿನ ಹಾಗೆ ಸಮುದ್ರಕ್ಕೆ ಇಳಿದ ಬಂಡೆ, ನಿಜಕ್ಕೂ ಚೆಂದ. ಆದರೆ ಎಲ್ಲರನ್ನೂ ನಿಲ್ಲಿಸಿ ಅದೇ ಫೋಟೋ ಎಷ್ಟು ಸಲ ತೆಗೆಯುತ್ತೀರಿ?

ಹೀಗೆ ಹಾಳಾದ ಸಮಯವನ್ನೆಲ್ಲ ಕಡಿದಿದ್ದು ಅಕ್ವೇರಿಯಂನಲ್ಲಿ. ಬರೀ 50 ನಿಮಿಷ! ಅಲ್ಲಿನ ದೊಡ್ಡ ತೊಟ್ಟಿಯಲ್ಲಿ 7,500 ಘನ ಮೀಟರ್ ನೀರಿದೆ, ನಮಗೂ ಅದಕ್ಕೂ ಮಧ್ಯೆ 60 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಗೋಡೆ. ತಿಮಿಂಗಿಲ ಶಾರ್ಕ್ ನಿಧಾನಕ್ಕೆ ತಿರುಗಿ ನಮ್ಮ ಕಡೆ ಬಂತು, ಬೆನ್ನ ಮೇಲೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು ಬಿಳಿ ಚುಕ್ಕಿ, ಮಗಳು ಎರಡೂ ಅಂಗೈ ಗೋಡೆಗೆ ಒತ್ತಿ ಉಸಿರು ಬಿಗಿಹಿಡಿದು ನಿಂತಿದ್ದಳು, ಅಷ್ಟರಲ್ಲಿ ಗೈಡ್ ಬಾವುಟ ಅಲ್ಲಾಡಿಸಿದರು. ಆಳ ಸಮುದ್ರದ ಭಾಗವನ್ನು ಓಡಿಕೊಂಡೇ ದಾಟಿದೆವು.

ಅಲ್ಲಿಂದ ನೇರ ಒಂದು ಅಂಗಡಿಗೆ. ನೇರಳೆ ಗೆಣಸಿನ ಟಾರ್ಟ್ ರುಚಿ ನೋಡಲು ಪೂರ್ತಿ ಒಂದು ಗಂಟೆ! ನಾನು ಒಂದು ಡಬ್ಬ ತಗೊಂಡು ಐದೇ ನಿಮಿಷಕ್ಕೆ ಬಸ್ಸು ಹತ್ತಿದೆ. ಹೇಳಿದ ಹೊತ್ತಿಗೆ ಬಂದವರೇ ಕಾಯಬೇಕು, ಇದ್ಯಾವ ನ್ಯಾಯ? ಮಗಳು ಕಿಟಕಿಗೆ ಒರಗಿ, 'ಶಾರ್ಕ್ ಇನ್ನೊಂದು ಸುತ್ತು ಬರ್ತಿತ್ತು ಅಲ್ವಾ ಅಮ್ಮ?' ಅಂದಳು.